ಕನ್ನಡದ ನಮಸ್ಕಾರ ಹೊತ್ತ ನೌಕೆ ಎಲ್ಲಿಗೆ ಹೊರಟಿದೆ?

ಕನ್ನಡದಲ್ಲಿ ಆಡಿದ ಮಾತು ಅತಿ ದೂರ ಹೋಗಿರುವುದು ಎಲ್ಲಿಗೆ? ದುಬೈಗೆ, ಲಂಡನ್ನಿಗೆ, ಅಮೆರಿಕಕ್ಕೆ ಎಂದು ಹೇಳುವವರುಂಟು. ನಿಜವಾದ ಉತ್ತರ ಬೇರೆಯೇ ಇದೆ. 2025ರ ಕೊನೆಯ ಹೊತ್ತಿಗೆ ಕನ್ನಡದ ಒಂದು ಪುಟ್ಟ ಶುಭಾಶಯ ಭೂಮಿಯಿಂದ 2,500 ಕೋಟಿ ಕಿ.ಮೀ.ಗೂ ಆಚೆ ಇತ್ತು. ಅದೇ ಶುಭಾಶಯದ ಇನ್ನೊಂದು ಪ್ರತಿ ಬೇರೊಂದು ದಿಕ್ಕಿನಲ್ಲಿ 2,100 ಕೋಟಿ ಕಿ.ಮೀ. ದೂರದಲ್ಲಿತ್ತು. ಎರಡೂ ನಿಂತಿಲ್ಲ. ಒಂದು ಸೆಕೆಂಡಿಗೆ 17 ಕಿ.ಮೀ., ಇನ್ನೊಂದು 15 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಹೋಗುತ್ತಲೇ ಇವೆ. ಮರಳಿ ಬರುವ ಮಾತಿಲ್ಲ.

ಆ ಶುಭಾಶಯವನ್ನು ಹೊತ್ತಿರುವುದು ಅಮೆರಿಕದ ಅಂತರಿಕ್ಷ ಸಂಸ್ಥೆ ನಾಸಾ 1977ರಲ್ಲಿ ಹಾರಿಸಿದ ವಾಯೇಜರ್-1 ಮತ್ತು ವಾಯೇಜರ್-2 ನೌಕೆಗಳು. ಎರಡರ ಪಕ್ಕೆಗೂ ಚಿನ್ನದ ಲೇಪವಿರುವ 12 ಅಂಗುಲದ ತಾಮ್ರದ ಧ್ವನಿಮುದ್ರಿಕೆಯೊಂದನ್ನು ಬಿಗಿಯಲಾಗಿದೆ. ಎಂದಾದರೊಂದು ದಿನ ಬೇರೆ ಲೋಕದ ಬುದ್ಧಿಜೀವಿಗಳ ಕೈಗೆ ಸಿಕ್ಕೀತು ಎಂಬ ಆಸೆಯಿಂದ ಖಗೋಳ ವಿಜ್ಞಾನಿ ಕಾರ್ಲ್ ಸಾಗನ್ ಮತ್ತು ಅವರ ಸಂಗಡಿಗರು ಸಿದ್ಧಪಡಿಸಿದ ತಟ್ಟೆ ಅದು. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಕನ್ನಡದ್ದು ಒಂದು ಉಸಿರಿನಲ್ಲಿ ಮುಗಿಯುವ ಮಾತು. ಮೊದಲು ನಮಸ್ಕಾರ, ನಂತರ ಕನ್ನಡ ಜನರ ಪರವಾಗಿ ಹಾರೈಕೆ, ಅಷ್ಟೇ. ಮಾತಾಡಿದವರು ಶ್ರೀನಿವಾಸ ಕೆ. ಉಪಾಧ್ಯಾಯ ಎಂದು ನಾಸಾದ ದಾಖಲೆ ಹೇಳುತ್ತದೆ.

ಕನ್ನಡ ಅಲ್ಲಿಗೆ ಹೋದದ್ದು ಯಾವ ಸರಕಾರದ ಶಿಫಾರಸಿನಿಂದಲೂ ಅಲ್ಲ, ಯಾವ ಅಕಾಡೆಮಿಯ ಠರಾವಿನಿಂದಲೂ ಅಲ್ಲ. ಶುಭಾಶಯಗಳ ಸಂಗ್ರಹ ನಡೆದದ್ದು ಬಹುಮಟ್ಟಿಗೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ. ಅದರ ಹೊಣೆ ಹೊತ್ತಿದ್ದವರು ಲಿಂಡಾ ಸಾಲ್ಜ್‌ಮನ್ ಸಾಗನ್. ಸಮಯ ತೀರ ಕಡಿಮೆ ಇತ್ತು. ಹೆಚ್ಚು ಜನರಾಡುವ ಭಾಷೆಗಳ ಪಟ್ಟಿ ಮಾಡಿಕೊಂಡು, ಆ ಊರಿನಲ್ಲಿ ಯಾರು ಸಿಗುತ್ತಾರೋ ಅವರನ್ನು ಕರೆದು ಮಾತಾಡಿಸಿದರು. ಹೀಗಾಗಿ ಭಾರತದ ಭಾಷೆಗಳಲ್ಲಿ ಹಿಂದಿ, ಉರ್ದು, ಬಂಗಾಳಿ, ಪಂಜಾಬಿ, ಗುಜರಾತಿ, ಮರಾಠಿ, ಒಡಿಯಾ, ತೆಲುಗು, ಕನ್ನಡ, ರಾಜಸ್ತಾನಿ ಸೇರಿಕೊಂಡವು. ತಮಿಳು ಇಲ್ಲ, ಮಲಯಾಳವೂ ಇಲ್ಲ. ಕೋಟಿಗಟ್ಟಲೆ ಜನರ ಆ ಎರಡು ಭಾಷೆಗಳು ಭೂಮಿಯಲ್ಲೇ ಉಳಿದವು. ಅತ್ತ ಸಾವಿರಾರು ವರ್ಷಗಳ ಹಿಂದೆ ಸತ್ತುಹೋದ ಸುಮೇರಿಯನ್, ಅಕ್ಕೇಡಿಯನ್, ಹಿಟೈಟ್ ಭಾಷೆಗಳಿಗೆ ಸೀಟು ಸಿಕ್ಕಿತು! ಬಸ್ ಹೊರಡುವ ಹೊತ್ತಿಗೆ ನಿಲ್ದಾಣದಲ್ಲಿ ಇದ್ದವರಿಗೆ ಜಾಗ ಎಂಬಂತೆ ನಡೆದ ಆಯ್ಕೆ ಅದು. ಕನ್ನಡಿಗರೊಬ್ಬರು ಆ ಹೊತ್ತಿಗೆ ಅಲ್ಲಿದ್ದರೆಂಬುದೇ ನಮ್ಮ ಭಾಗ್ಯ.

ಶುಭಾಶಯಗಳ ಜೊತೆಗೆ ನೂರಕ್ಕೂ ಹೆಚ್ಚು ಚಿತ್ರಗಳು, ಸುಮಾರು ತೊಂಬತ್ತು ನಿಮಿಷಗಳ ಸಂಗೀತ, ಭೂಮಿಯ ನಾನಾ ಸದ್ದುಗಳೂ ಆ ತಟ್ಟೆಯಲ್ಲಿವೆ. ಮಳೆ, ಗುಡುಗು, ಕಪ್ಪೆ, ಕಮ್ಮಾರನ ಸುತ್ತಿಗೆ, ಕುದುರೆಗಾಡಿ, ರೈಲು, ಸಾಕುನಾಯಿಯ ಬೊಗಳು ಎಲ್ಲವೂ ಉಂಟು. ಆ ನಾಯಿ ಮುಧೋಳದ್ದಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ. ಟ್ರ್ಯಾಕ್ಟರಿನ ಸದ್ದೂ ಇದೆ. ಆದರೆ ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಬೆಳಗಾದರೆ ಕೇಳಿಬರುವ ಮಗ್ಗದ ಸದ್ದು ಮಾತ್ರ ಆ ಪಟ್ಟಿಯಲ್ಲಿಲ್ಲ. ಮನುಷ್ಯ ಬೆಂಕಿ ಹೊತ್ತಿಸಿದ್ದನ್ನೂ ಕಲ್ಲಿನಿಂದ ಆಯುಧ ಮಾಡಿದ್ದನ್ನೂ ಸದ್ದಿನಲ್ಲಿ ಹೇಳಹೊರಟವರು ಬಟ್ಟೆ ನೇಯ್ದದ್ದನ್ನು ಮರೆತರಲ್ಲ ಎಂದು ನೇಕಾರರು ಕೇಳಿದರೆ ತಪ್ಪಿಲ್ಲ.

ಸಂಗೀತದ 27 ತುಣುಕುಗಳಲ್ಲಿ ಭಾರತದ್ದು ಒಂದೇ. ಸುರಶ್ರೀ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ, ಮೂರೂವರೆ ನಿಮಿಷದ್ದು. ಸೂಚಿಸಿದವರು ಸಂಗೀತ ವಿದ್ವಾಂಸ ರಾಬರ್ಟ್ ಬ್ರೌನ್. ಗೋವೆಯ ಕೇರಿ ಎಂಬ ಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಕೇಸರಬಾಯಿ, ಕೊಲ್ಲಾಪುರ ದರಬಾರಿನ ಗಾಯಕರಾಗಿದ್ದ ಉಸ್ತಾದ್ ಅಲ್ಲಾದಿಯಾ ಖಾನರ ಶಿಷ್ಯೆ. ಅದೇ ಖಾನರ ಮಕ್ಕಳಾದ ಮಂಜಿಖಾನ್, ಭುರ್ಜಿಖಾನರ ಬಳಿ ಕಲಿತವರು ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರ. ಅಂದರೆ ನಕ್ಷತ್ರಗಳತ್ತ ಹೋಗಿರುವುದು ಉತ್ತರ ಕರ್ನಾಟಕದ ಕಿವಿಗೆ ಪರಿಚಯವಿರುವ ಘರಾಣೆಯೇ. ‘ಎಲ್ಲಿಗೆ ಹೊರಟೆ’ ಎಂದು ಕೇಳುವ ಹಾಡು ಅದು. ವಾಯೇಜರ್-1 ಹೊರಟದ್ದು 1977ರ ಸೆಪ್ಟೆಂಬರ್ 5ರಂದು. ಕೇಸರಬಾಯಿ ತೀರಿಕೊಂಡದ್ದು ಹನ್ನೊಂದು ದಿನಗಳ ನಂತರ, ಸೆಪ್ಟೆಂಬರ್ 16ರಂದು.

ಹಾಡು ಕೇಳುವ ಪ್ರಶ್ನೆಯನ್ನೇ ವಿಜ್ಞಾನಿಗಳಿಗೂ ಕೇಳಬಹುದು. ಈ ನೌಕೆಗಳು ಎಲ್ಲಿಗೆ ಹೊರಟಿವೆ? ಕೊನೆಗೆ ಅವುಗಳ ಗತಿ ಏನು?

ಟ್ರೇಲರ್ ಹಿಡಿದ ಸೈಕಲ್ಲು

ಸೂರ್ಯನ ಹಿಡಿತದಿಂದ ಬಿಡಿಸಿಕೊಳ್ಳುವುದು ಸಣ್ಣ ಕೆಲಸವಲ್ಲ. ಭೂಮಿ ಇರುವ ಜಾಗದಿಂದ ಒಂದು ವಸ್ತು ಸೂರ್ಯನಿಂದ ಶಾಶ್ವತವಾಗಿ ದೂರವಾಗಬೇಕಾದರೆ ಸೆಕೆಂಡಿಗೆ 42 ಕಿ.ಮೀ. ವೇಗ ಬೇಕು. ಭೂಮಿಯೇ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಓಡುತ್ತಿರುವುದರಿಂದ ಅಷ್ಟು ಪುಕ್ಕಟೆ ಸಿಗುತ್ತದೆ. ಉಳಿದದ್ದನ್ನು ರಾಕೆಟ್ಟು ಕೊಡಬೇಕು. 1977ರ ರಾಕೆಟ್ಟುಗಳಿಗೆ ಭಾರವಾದ ನೌಕೆಯನ್ನು ಗುರುಗ್ರಹದವರೆಗೆ ತಲುಪಿಸುವುದೇ ದೊಡ್ಡ ಮಾತಾಗಿತ್ತು.

ಅಲ್ಲಿಂದ ಮುಂದಕ್ಕೆ ನೌಕೆಗಳು ಬಳಸಿದ ಉಪಾಯ ಜಮಖಂಡಿ, ಮುಧೋಳದ ಹುಡುಗರಿಗೆ ಚೆನ್ನಾಗಿ ಗೊತ್ತಿರುವಂಥದ್ದೇ. ಕಬ್ಬು ಕಡಿಯುವ ಕಾಲಕ್ಕೆ ಕಾರ್ಖಾನೆಯತ್ತ ಹೋಗುವ ಟ್ರ್ಯಾಕ್ಟರುಗಳ ಸಾಲು ರಸ್ತೆಗಿಳಿಯುತ್ತದೆ. ಸೈಕಲ್ ಮೇಲಿನ ಹುಡುಗ ಟ್ರೇಲರನ್ನು ಒಂದು ಕೈಯಿಂದ ಹಿಡಿದು ಸ್ವಲ್ಪ ದೂರ ಎಳೆಸಿಕೊಂಡು, ವೇಗ ಬಂದ ಮೇಲೆ ಕೈ ಬಿಡುತ್ತಾನೆ. (ಅಪಾಯಕಾರಿ ಚಾಳಿ. ಉದಾಹರಣೆಗೆ ಮಾತ್ರ ಇಲ್ಲಿ ಹೇಳಿದ್ದು.) ಸೂರ್ಯನ ಸುತ್ತ ಓಡುತ್ತಿರುವ ಗುರುಗ್ರಹದ ಹಿಂದಿನಿಂದ ಹಾದು ಹೋಗುವ ನೌಕೆಯನ್ನು ಗುರುವಿನ ಗುರುತ್ವ ಹೀಗೆಯೇ ಜೊತೆಗೆ ಎಳೆದು ಮುಂದಕ್ಕೆ ಬಿಡುತ್ತದೆ. ನೌಕೆಯ ವೇಗ ಏರುತ್ತದೆ. ಗುರುವಿನ ವೇಗ ಲೆಕ್ಕಕ್ಕೆ ಸಿಗದಷ್ಟು ತಗ್ಗುತ್ತದೆ. ಒಂದು ಹನಿ ಇಂಧನವೂ ಖರ್ಚಾಗುವುದಿಲ್ಲ.

ಗುರು, ಶನಿ, ಯುರೇನಸ್, ನೆಪ್ಚೂನ್ ನಾಲ್ಕೂ ಹೀಗೆ ಸರದಿಯ ಮೇಲೆ ಕೈಕೊಡುವಂತೆ ಬಾಗಿ ನಿಲ್ಲುವುದು ಸುಮಾರು 175 ವರ್ಷಗಳಿಗೊಮ್ಮೆ. 1970ರ ದಶಕದ ಕೊನೆಯಲ್ಲಿ ಅಂಥ ಯೋಗವಿದೆ ಎಂಬುದನ್ನು 1965ರಲ್ಲಿ ಗ್ಯಾರಿ ಫ್ಲಾಂಡ್ರೊ ಎಂಬ ತರುಣ ಲೆಕ್ಕ ಹಾಕಿ ತೋರಿಸಿದ. ಆ ಯೋಗವನ್ನು ಪೂರ್ತಿ ಬಳಸಿಕೊಂಡದ್ದು ವಾಯೇಜರ್-2. ಅದು 1979ರಲ್ಲಿ ಗುರು, 1981ರಲ್ಲಿ ಶನಿ, 1986ರಲ್ಲಿ ಯುರೇನಸ್, 1989ರಲ್ಲಿ ನೆಪ್ಚೂನ್ ಗ್ರಹಗಳನ್ನು ಹಾದುಹೋಯಿತು. ಕೊನೆಯ ಎರಡು ಗ್ರಹಗಳ ಹತ್ತಿರಕ್ಕೆ ಬೇರೆ ಯಾವ ನೌಕೆಯೂ ಹೋಗಿಲ್ಲ. ವಾಯೇಜರ್-1 ಮಾತ್ರ ಶನಿಯ ಬಳಿ 1980ರ ನವೆಂಬರಿನಲ್ಲಿ ಟೈಟನ್ ಎಂಬ ಉಪಗ್ರಹವನ್ನು ಸಮೀಪದಿಂದ ನೋಡಲು ಹೋಗಿ, ಗ್ರಹಗಳ ಬಯಲಿನಿಂದ ಮೇಲಕ್ಕೆ ಎಸೆಯಲ್ಪಟ್ಟಿತು. ಮುಂದೆ ಅದರ ದಾರಿಯಲ್ಲಿ ಗ್ರಹಗಳಿಲ್ಲ. 1990ರ ಫೆಬ್ರವರಿ 14ರಂದು, 600 ಕೋಟಿ ಕಿ.ಮೀ. ದೂರದಿಂದ ಅದು ಹಿಂತಿರುಗಿ ನೋಡಿ ಭೂಮಿಯ ಚಿತ್ರ ತೆಗೆಯಿತು. ಚಿತ್ರದಲ್ಲಿ ಭೂಮಿ ಒಂದು ಚುಕ್ಕೆಗಿಂತ ದೊಡ್ಡದಿರಲಿಲ್ಲ. ಆಮೇಲೆ ಅದರ ಕ್ಯಾಮೆರಾಗಳನ್ನು ಆರಿಸಲಾಯಿತು.

ಜಮಖಂಡಿಯಲ್ಲಿ ಸೂರ್ಯನನ್ನಿಟ್ಟರೆ

ಕೋಟಿಗಳಲ್ಲಿ ಹೇಳುವ ದೂರ ಯಾರ ತಲೆಗೂ ಹತ್ತುವುದಿಲ್ಲ. ಆದ್ದರಿಂದ ಸೌರವ್ಯೂಹವನ್ನು ಕುಗ್ಗಿಸಿ ಬಾಗಲಕೋಟೆ ಜಿಲ್ಲೆಯಲ್ಲಿ ಇಟ್ಟು ನೋಡುವುದು ಒಳ್ಳೆಯದು.

ಸೂರ್ಯನಿಂದ ಭೂಮಿಗಿರುವ 15 ಕೋಟಿ ಕಿ.ಮೀ.ಯನ್ನು ನೂರು ಮೀಟರ್ ಎಂದುಕೊಳ್ಳೋಣ. ಜಮಖಂಡಿ ಬಸ್ ನಿಲ್ದಾಣದ ಮುಂದೆ ಸೂರ್ಯನನ್ನು ಇಟ್ಟರೆ ಅದು ಮೂರು ಅಡಿ ಅಗಲದ ಒಂದು ಗುಂಡು. ನೂರು ಮೀಟರ್ ಆಚೆ ಒಂದು ಕಡಲೆಕಾಳು, ಅದೇ ಭೂಮಿ. ಕಡಲೆಯಿಂದ ಒಂದು ಗೇಣು ದೂರದಲ್ಲಿ ಸಾಸಿವೆ ಕಾಳಿನಷ್ಟು ಚಂದ್ರ. ಮನುಷ್ಯ ಇದುವರೆಗೆ ಕಾಲಿಟ್ಟಿರುವುದು ಆ ಒಂದು ಗೇಣಿನಷ್ಟು ದೂರ ಮಾತ್ರ. ಗುರುಗ್ರಹ ಅರ್ಧ ಕಿ.ಮೀ. ದೂರದಲ್ಲಿ ಒಂದು ಮೋಸಂಬಿ. ಶನಿ ಒಂದು ಕಿ.ಮೀ.ಗೆ ಸ್ವಲ್ಪ ಕಡಿಮೆ. ಕೊನೆಯ ಗ್ರಹ ನೆಪ್ಚೂನ್ ಮೂರು ಕಿ.ಮೀ. ದೂರದಲ್ಲಿ, ಅಂದರೆ ಊರ ಹೊರಗಿನ ಹೊಲಗಳಲ್ಲಿ.

ವಾಯೇಜರ್-1 ಎಲ್ಲಿದೆ? ಹದಿನೇಳು ಕಿ.ಮೀ. ಆಚೆ. ಮುಧೋಳದ ಹಾದಿ ಹಿಡಿದರೆ ಮುಧೋಳ ಇನ್ನೇನು ಬಂತು ಎನ್ನುವಲ್ಲಿ, ಪಡುವಣಕ್ಕೆ ಹೋದರೆ ಬನಹಟ್ಟಿಯ ಆಸುಪಾಸಿನಲ್ಲಿ. ಬೀಳಗಿಗೆ ಅದರ ಎರಡರಷ್ಟು ದೂರ ಹೋಗಬೇಕು. 1977ರಿಂದ ಒಂದೇ ಸಮನೆ ಓಡಿ ಕ್ರಮಿಸಿದ ದಾರಿ ಇಷ್ಟು. ಸೆಕೆಂಡಿಗೆ 17 ಕಿ.ಮೀ. ಎಂಬ ಆ ಭಯಂಕರ ವೇಗ ಈ ಅಳತೆಯಲ್ಲಿ ದಿನಕ್ಕೆ ಒಂದು ಮೀಟರ್! ಬಸವನಹುಳು ಕೂಡ ಅದನ್ನು ಹಿಂದೆ ಹಾಕುತ್ತದೆ. ಬೆಳಕಿನ ನಡಿಗೆಯೂ ಇಲ್ಲಿ ನಿಮಿಷಕ್ಕೆ ಹನ್ನೆರಡು ಮೀಟರ್ ಮಾತ್ರ. ಆ ಬೆಳಕು ಒಂದು ಹಗಲು ಒಂದು ರಾತ್ರಿ ನಡೆದರೆ ಹದಿನೇಳು ಕಿ.ಮೀ. ಚಿಲ್ಲರೆ ಆಗುತ್ತದೆ. ಲೆಕ್ಕದ ಪ್ರಕಾರ ವಾಯೇಜರ್-1 ಭೂಮಿಯಿಂದ ಸರಿಯಾಗಿ ಒಂದು ‘ಬೆಳಕಿನ ದಿನ’ದಷ್ಟು ದೂರ ಮುಟ್ಟುವುದು 2026ರ ನವೆಂಬರ್ ಮಧ್ಯಭಾಗದಲ್ಲಿ. ಅಲ್ಲಿಗೆ ಒಂದು ಆದೇಶ ಕಳಿಸಿದರೆ ಉತ್ತರ ಬರಲು ಎರಡು ದಿನ.

ಹತ್ತಿರದ ನಕ್ಷತ್ರ ಈ ಅಳತೆಯಲ್ಲಿ ಎಷ್ಟು ದೂರ? 26,800 ಕಿ.ಮೀ. ಭೂಮಿಯ ಮೇಲೆ ಜಮಖಂಡಿಯಿಂದ ಯಾವ ದಿಕ್ಕಿಗೆ ಹೋದರೂ 20,000 ಕಿ.ಮೀ.ಗಿಂತ ದೂರದ ಊರೇ ಇಲ್ಲ. ನಕ್ಷತ್ರವನ್ನು ಇಡಲು ನಮ್ಮ ಭೂಗೋಳವೇ ಸಾಲದು.

ಮುಧೋಳದ ಕವಿ ರನ್ನ ಹುಟ್ಟಿದ್ದು ಕ್ರಿ.ಶ. 949ರಲ್ಲಿ. ಅವನು ‘ಗದಾಯುದ್ಧ’ ಬರೆದ ಕಾಲಕ್ಕೆ, ಅಂದರೆ ಹತ್ತನೆಯ ಶತಮಾನದ ಕೊನೆಗೆ, ವಾಯೇಜರ್ ಇದೇ ವೇಗದಲ್ಲಿ ಹೊರಟಿದ್ದರೂ ಈ ಹೊತ್ತಿಗೆ ನಮ್ಮ ನಕಾಶೆಯಲ್ಲಿ ನಾನೂರು ಕಿ.ಮೀ. ದಾಟಿರುತ್ತಿರಲಿಲ್ಲ. ಜಮಖಂಡಿಯಿಂದ ಬೆಂಗಳೂರು ಕೂಡ ಮುಟ್ಟಿರುತ್ತಿರಲಿಲ್ಲ!

ದಾಟಿದ್ದು ಯಾವ ಗಡಿ?

ವಾಯೇಜರ್ ಸೌರವ್ಯೂಹ ಬಿಟ್ಟಿತು ಎಂದು ಪತ್ರಿಕೆಗಳಲ್ಲಿ ಆಗಾಗ ಬಂದದ್ದುಂಟು. ಅದು ಅರ್ಧ ಸತ್ಯ.

ಸೂರ್ಯನಿಂದ ವಿದ್ಯುತ್ ಕಣಗಳ ಗಾಳಿಯೊಂದು ಸದಾ ಎಲ್ಲ ದಿಕ್ಕಿಗೂ ಬೀಸುತ್ತಿರುತ್ತದೆ. ಬಾವಿಕಟ್ಟೆಯ ಚಪ್ಪಡಿ ಕಲ್ಲಿನ ಮೇಲೆ ಕೊಡದಿಂದ ನೀರು ಸುರಿದರೆ ಅದು ತೆಳ್ಳಗೆ, ವೇಗವಾಗಿ ಸುತ್ತಲೂ ಹರಡಿ, ಒಂದು ಸುತ್ತಿನ ನಂತರ ತಟ್ಟನೆ ವೇಗ ಕಳೆದುಕೊಂಡು ಉಬ್ಬುತ್ತದಲ್ಲ, ಸೂರ್ಯನ ಗಾಳಿಗೂ ಅದೇ ಗತಿ. ನಕ್ಷತ್ರಗಳ ನಡುವಿನ ಅನಿಲದ ಒತ್ತಡಕ್ಕೆ ಸಿಕ್ಕಿ ಅದು ಒಂದೆಡೆ ಸೋತು ನಿಲ್ಲುತ್ತದೆ. ಆ ಗುಳ್ಳೆಯ ಅಂಚನ್ನು ವಾಯೇಜರ್-1 ದಾಟಿದ್ದು 2012ರ ಆಗಸ್ಟ್ 25ರಂದು. ನಮ್ಮ ಅಳತೆಯಲ್ಲಿ ಜಮಖಂಡಿಯಿಂದ ಹನ್ನೆರಡು ಕಿ.ಮೀ. ದೂರದಲ್ಲಿ. ಗಡಿ ದಾಟಿದ್ದನ್ನು ಪತ್ತೆ ಮಾಡಬೇಕಾದ ಉಪಕರಣ 1980ರಲ್ಲೇ ಕೆಟ್ಟಿದ್ದರಿಂದ ವಿಜ್ಞಾನಿಗಳಲ್ಲಿ ಒಂದು ವರ್ಷ ವಾದ ನಡೆಯಿತು. ಕಡೆಗೆ 2012ರಲ್ಲಿ ಸೂರ್ಯನಲ್ಲಿ ಆಗಿದ್ದ ಸ್ಫೋಟದ ಅಲೆ 2013ರಲ್ಲಿ ನೌಕೆಯನ್ನು ಮುಟ್ಟಿ ಸುತ್ತಲಿನ ಕಣಗಳನ್ನು ಕಂಪಿಸಿತು. ಆ ಕಂಪನದಿಂದ ಕಣಗಳ ಸಾಂದ್ರತೆ ತಿಳಿಯಿತು. ಅದು ಸೂರ್ಯನ ಮನೆಯೊಳಗಿನ ಸಾಂದ್ರತೆಗಿಂತ ಬಹಳ ಹೆಚ್ಚಿತ್ತು. ಆಗ ವಾದ ಮುಗಿಯಿತು. ವಾಯೇಜರ್-2 ಇದೇ ಅಂಚನ್ನು 2018ರ ನವೆಂಬರ್ 5ರಂದು ದಾಟಿತು.

ಆದರೆ ಸೂರ್ಯನ ಗಾಳಿ ನಿಂತರೂ ಸೂರ್ಯನ ಸೆಳೆತ ನಿಲ್ಲುವುದಿಲ್ಲ. ಅದರ ಆಚೆ ಕೋಟ್ಯಂತರ ಧೂಮಕೇತುಗಳ ಒಂದು ದೊಡ್ಡ ಮೋಡ ಸೂರ್ಯನನ್ನೇ ನಂಬಿಕೊಂಡು ತಿರುಗುತ್ತಿದೆ ಎಂದು ಖಗೋಳ ವಿಜ್ಞಾನಿಗಳು ನಂಬುತ್ತಾರೆ. ಊರ್ಟ್ ಮೋಡ ಎಂದು ಅದರ ಹೆಸರು. ಅದರ ಒಳ ಅಂಚನ್ನು ಮುಟ್ಟಲು ವಾಯೇಜರ್-1ಕ್ಕೆ ಇನ್ನೂ ಸುಮಾರು 300 ವರ್ಷ ಬೇಕು. ನಮ್ಮ ನಕಾಶೆಯಲ್ಲಿ ಅದು ಹೆಚ್ಚುಕಡಿಮೆ ಹುಬ್ಬಳ್ಳಿಯ ದೂರ. ಹೊರ ಅಂಚು ಬಿಡಲು ಮೂವತ್ತು ಸಾವಿರ ವರ್ಷ. ಊರಿನ ಅಗಸಿ ದಾಟಿದ್ದಾಗಿದೆ, ಸೀಮೆ ದಾಟುವುದು ಬಾಕಿ ಇದೆ.

ಮೌನದ ದಿನ

ಅಲ್ಲಿಯವರೆಗೆ ನೌಕೆ ಮಾತಾಡುತ್ತಿರುತ್ತದೆಯೇ? ಇಲ್ಲ. ಮೌನದ ದಿನ ತೀರ ಹತ್ತಿರದಲ್ಲಿದೆ.

ಸೂರ್ಯನ ಬೆಳಕು ಅಲ್ಲಿ ಉಪಯೋಗಕ್ಕೆ ಬಾರದು. ಆದ್ದರಿಂದ ಈ ನೌಕೆಗಳಿಗೆ ಪ್ಲುಟೋನಿಯಂ-238 ಎಂಬ ವಿಕಿರಣ ಧಾತುವಿನ ಶಾಖದಿಂದ ವಿದ್ಯುತ್ ಹುಟ್ಟಿಸುವ ಏರ್ಪಾಟು ಮಾಡಲಾಗಿದೆ. ಆ ಧಾತು ಸುಮಾರು 88 ವರ್ಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಶಾಖವನ್ನು ವಿದ್ಯುತ್ತಾಗಿಸುವ ಲೋಹದ ಜೋಡಣೆಗಳೂ ಸವೆಯುತ್ತವೆ. ಹೊರಟಾಗ ಸುಮಾರು 470 ವಾಟ್ ಇದ್ದ ವಿದ್ಯುತ್ ವರ್ಷಕ್ಕೆ 4 ವಾಟಿನಂತೆ ಕುಗ್ಗುತ್ತಿದೆ. ಇಳಿಗಾಲದ ಸಂಸಾರದಂತೆ ಒಂದೊಂದೇ ಖರ್ಚನ್ನು ಕಡಿಯುತ್ತ ಬರಲಾಗಿದೆ. ಹೀಟರುಗಳು ಆರಿದವು. ನಂತರ ಉಪಕರಣಗಳು. 2024ರಲ್ಲಿ ವಾಯೇಜರ್-2ರ ಒಂದು, 2025ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಎರಡೂ ನೌಕೆಗಳ ಒಂದೊಂದು ಉಪಕರಣ ನಿಂತವು. ಭೂಮಿಗೆ ಮಾತು ಕಳಿಸುವ ರೇಡಿಯೊದ ಶಕ್ತಿ ಸುಮಾರು 23 ವಾಟ್, ಒಂದು ಸಣ್ಣ ಬಲ್ಬಿನಷ್ಟು. ಅದು ಇಲ್ಲಿಗೆ ಬರುವ ಹೊತ್ತಿಗೆ ಎಷ್ಟು ಕ್ಷೀಣವಾಗುತ್ತದೆಂದರೆ ಅಮೆರಿಕ, ಸ್ಪೇನ್ ಮತ್ತು ಆಸ್ಟ್ರೇಲಿಯಗಳಲ್ಲಿ ನಿಲ್ಲಿಸಿರುವ 70 ಮೀಟರ್ ಅಗಲದ ಬೋಗುಣಿಗಳು ಬೇಕು ಅದನ್ನು ಹಿಡಿಯಲು.

ಈ ಮುಪ್ಪಿನಲ್ಲೂ ನಡೆದ ಆರೈಕೆಯ ಕತೆ ಕೇಳುವಂಥದ್ದು. 2023ರ ನವೆಂಬರಿನಲ್ಲಿ ವಾಯೇಜರ್-1 ಅರ್ಥವಿಲ್ಲದ ಸಂಕೇತಗಳನ್ನು ಕಳಿಸತೊಡಗಿತು. ಕಂಪ್ಯೂಟರಿನ ನೆನಪಿನ ಒಂದು ಚಿಪ್ ಕೆಟ್ಟಿತ್ತು. ಅದರ ಗಾತ್ರವೋ, ಈಗಿನ ಮೊಬೈಲಿನ ಒಂದು ಫೋಟೊ ಕೂಡ ಹಿಡಿಸದಷ್ಟು. ಬದಲಿಸಲು ಅಲ್ಲಿಗೆ ಹೋಗುವಂತಿಲ್ಲ. ಕೆಟ್ಟ ಭಾಗದಲ್ಲಿದ್ದ ಆದೇಶಗಳನ್ನೆಲ್ಲ ಸೇರಿಸಿಡಲು ಬೇರೊಂದು ಕಡೆ ಜಾಗವೂ ಇರಲಿಲ್ಲ. ಎಂಜಿನಿಯರುಗಳು ಆ ಆದೇಶಗಳನ್ನು ತುಂಡು ಮಾಡಿ, ಸಂದುಗೊಂದುಗಳಲ್ಲಿ ಅಲ್ಲಿಷ್ಟು ಇಲ್ಲಿಷ್ಟು ತುರುಕಿ, ತುಂಡುಗಳೆಲ್ಲ ಮತ್ತೆ ಒಂದಾಗಿ ನಡೆಯುವಂತೆ ಕೊಂಡಿ ಹಾಕಿದರು. ಕಿತ್ತ ಹಾಸಿನ ಎಳೆಗಳನ್ನು ಹುಡುಕಿ ಹುಡುಕಿ ಗಂಟು ಹಾಕಿ ಮಗ್ಗ ಮತ್ತೆ ನಡೆಸುವ ನೇಕಾರನ ಕೆಲಸ ಅದು. ವ್ಯತ್ಯಾಸವೆಂದರೆ ಗಂಟು ಹಾಕಿದ್ದು ಸರಿಯಾಯಿತೇ ಎಂದು ತಿಳಿಯಲು 45 ಗಂಟೆ ಕಾಯಬೇಕು. 2024ರ ಏಪ್ರಿಲ್ 20ರಂದು ನೌಕೆಯ ಸ್ಪಷ್ಟ ಉತ್ತರ ಬಂತು.

ಅದಕ್ಕೂ ಮುಂಚೆ 2023ರ ಜುಲೈನಲ್ಲಿ ತಪ್ಪು ಆದೇಶವೊಂದರಿಂದ ವಾಯೇಜರ್-2ರ ಆಂಟೆನಾ ಭೂಮಿಯಿಂದ ಎರಡೇ ಡಿಗ್ರಿ ಆಚೆ ತಿರುಗಿ ಸಂಪರ್ಕ ಕಡಿದಿತ್ತು. ಆಸ್ಟ್ರೇಲಿಯದಿಂದ ಗಟ್ಟಿಯಾಗಿ ಕೂಗಿ ಅದನ್ನು ಎಚ್ಚರಿಸಿ ಮತ್ತೆ ಈಕಡೆ ತಿರುಗಿಸಿದರು. 1972ರಿಂದ ಐವತ್ತು ವರ್ಷ ಈ ಯೋಜನೆಯ ಮುಖ್ಯ ವಿಜ್ಞಾನಿಯಾಗಿದ್ದ ಎಡ್ ಸ್ಟೋನ್ 2024ರಲ್ಲಿ ತೀರಿಕೊಂಡರು. ಸಾಗನ್ 1996ರಲ್ಲೇ ಹೋದರು. ಕಟ್ಟಿದವರು ಒಬ್ಬೊಬ್ಬರಾಗಿ ಹೋಗುತ್ತಿರುವಾಗ ನೌಕೆಗಳು ಇನ್ನೂ ಮಾತಾಡುತ್ತಿವೆ. 2030ರ ದಶಕದಲ್ಲಿ ಅದೂ ನಿಲ್ಲಬಹುದೆಂಬುದು ಅಂದಾಜು. ಒಂದು ಉಪಕರಣಕ್ಕೂ ಸಾಲದಷ್ಟು ವಿದ್ಯುತ್ ಇಳಿದ ದಿನ, ಅಥವಾ ಇಂಧನದ ನಳಿಕೆ ಕಟ್ಟಿಕೊಂಡು ಆಂಟೆನಾ ಭೂಮಿಯತ್ತ ನಿಲ್ಲದಾದ ದಿನ, ಅವು ನಮ್ಮ ಪಾಲಿಗೆ ಇಲ್ಲವಾಗುತ್ತವೆ.

ನಲವತ್ತು ಸಾವಿರ ವರ್ಷಗಳಾಚೆ

ಇಲ್ಲವಾಗುವುದು ನಮ್ಮ ಪಾಲಿಗೆ ಮಾತ್ರ. ಗಾಳಿಯಿಲ್ಲದ, ತುಕ್ಕು ಹಿಡಿಯದ ಆ ಕತ್ತಲಿನಲ್ಲಿ ನೌಕೆಯನ್ನು ತಡೆಯುವಂಥದ್ದು ಏನೂ ಇಲ್ಲ.

ಸುಮಾರು 40,000 ವರ್ಷಗಳ ನಂತರ ವಾಯೇಜರ್-1 ಗ್ಲೀಸ್ 445 ಎಂಬ ಮಂದ ಕೆಂಪು ನಕ್ಷತ್ರದ ‘ಸಮೀಪ’ ಹಾದುಹೋಗಲಿದೆ. ಸಮೀಪವೆಂದರೆ ಎರಡು ಜ್ಯೋತಿರ್ವರ್ಷಕ್ಕೆ ತುಸು ಕಡಿಮೆ. ಜಮಖಂಡಿಯ ನಕಾಶೆಯಲ್ಲಿ ಅದು ಹತ್ತು ಸಾವಿರ ಕಿ.ಮೀ.ಗೂ ಹೆಚ್ಚು. ಬೀಳಗಿಯಲ್ಲಿ ನಿಂತವನು ಅಮೆರಿಕದಲ್ಲಿ ಹೊತ್ತಿಸಿದ ದೀಪದ ಸಮೀಪ ಬಂದೆ ಎಂದಂತೆ! ಅದೂ ನೌಕೆ ಅಲ್ಲಿಗೆ ಹೋಗಿದ್ದರಿಂದ ಅಲ್ಲ. ಆ ಅವಧಿಯಲ್ಲಿ ನೌಕೆ ಸಾಗುವುದು ಎರಡು ಜ್ಯೋತಿರ್ವರ್ಷಗಳಷ್ಟು ಮಾತ್ರ. ಈಗ 17 ಜ್ಯೋತಿರ್ವರ್ಷ ದೂರದಲ್ಲಿರುವ ನಕ್ಷತ್ರವೇ ಇತ್ತ ಧಾವಿಸಿ ಬರುತ್ತಿದೆ. ವಾಯೇಜರ್-2 ಕೂಡ ಹೆಚ್ಚುಕಡಿಮೆ ಅದೇ ಕಾಲಕ್ಕೆ ರಾಸ್ 248 ಎಂಬ ಇನ್ನೊಂದು ಮಂದ ನಕ್ಷತ್ರವನ್ನು ದೂರದಿಂದಲೇ ಹಾಯಲಿದೆ.

2019ರಲ್ಲಿ ಬೈಲರ್-ಜೋನ್ಸ್ ಮತ್ತು ಫರ್ನೋಕಿಯಾ ಎಂಬ ವಿಜ್ಞಾನಿಗಳು, ಯುರೋಪಿನ ಗಾಯಾ ಉಪಗ್ರಹ ಅಳೆದ ನಕ್ಷತ್ರಗಳ ಚಲನೆಯನ್ನು ಹಿಡಿದು ಈ ಲೆಕ್ಕವನ್ನು ಲಕ್ಷಾಂತರ ವರ್ಷಗಳವರೆಗೆ ಮುಂದುವರಿಸಿದರು. ವಾಯೇಜರ್-1 ಮೂರು ಲಕ್ಷ ವರ್ಷಗಳ ನಂತರ ಒಂದು ನಕ್ಷತ್ರಕ್ಕೆ ಒಂದು ಜ್ಯೋತಿರ್ವರ್ಷದಷ್ಟು ಹತ್ತಿರ ಹೋಗಲಿದೆಯೆಂದು ತಿಳಿಯಿತು. ಯಾವುದಾದರೂ ನಕ್ಷತ್ರಕ್ಕೆ ನೇರ ಡಿಕ್ಕಿ ಹೊಡೆಯಬೇಕಾದರೆ? ಒಂದರ ಮುಂದೆ ಇಪ್ಪತ್ತು ಸೊನ್ನೆ ಬರೆದಷ್ಟು ವರ್ಷ ಕಾಯಬೇಕು. ವಿಶ್ವಕ್ಕೇ ಈಗ ಆಗಿರುವ ವಯಸ್ಸು 1,380 ಕೋಟಿ ವರ್ಷ. ಅಂದರೆ ಡಿಕ್ಕಿಯ ಚಿಂತೆ ಬೇಡ. ನಕ್ಷತ್ರಗಳ ಜೊತೆಗೆ ಅವೂ ಆಕಾಶಗಂಗೆಯ ನಡುವನ್ನು ಸುತ್ತುತ್ತಿರುತ್ತವೆ, ಒಂದು ಸುತ್ತಿಗೆ ಇಪ್ಪತ್ತು ಕೋಟಿಗೂ ಹೆಚ್ಚು ವರ್ಷ. ನೆರೆಯ ಆಂಡ್ರೊಮಿಡ ಗೆಲಾಕ್ಸಿ ಬಂದು ಆಕಾಶಗಂಗೆಯೊಡನೆ ಬೆರೆತಾಗ ಎಲ್ಲವೂ ಚೆಲ್ಲಾಪಿಲ್ಲಿ ಎಂದು ಹಿಂದೆ ಖಚಿತವಾಗಿ ಹೇಳುತ್ತಿದ್ದರು. ಮುಂದಿನ ಸಾವಿರ ಕೋಟಿ ವರ್ಷಗಳಲ್ಲಿ ಹಾಗಾಗುವ ಸಂಭವ ಅರ್ಧಕ್ಕರ್ಧ ಮಾತ್ರ ಎಂದು 2025ರ ಅಧ್ಯಯನವೊಂದು ಹೇಳಿತು.

ಧ್ವನಿಮುದ್ರಿಕೆ ಅಷ್ಟು ಕಾಲ ಉಳಿದೀತೆ? ಸಣ್ಣ ಧೂಳಿನ ಕಣಗಳು ಬಡಿದು ಬಡಿದು ಸವೆಯುವುದು ನಿಜ. ಆದರೆ ಮೇಲೆ ಅಲ್ಯೂಮಿನಿಯಂ ಮುಚ್ಚಳವಿದೆ. ನೂರು ಕೋಟಿ ವರ್ಷ ಬಾಳಿಕೆ ಬರಬಹುದೆಂದು ಮಾಡಿದವರ ಅಂದಾಜು. ಮುಚ್ಚಳದ ಮೇಲೆ ಯುರೇನಿಯಂ-238ರ ಲೇಪವಿದೆ. ಅದು ಸುಮಾರು 447 ಕೋಟಿ ವರ್ಷಗಳಲ್ಲಿ ಅರ್ಧವಾಗುವುದರಿಂದ, ಎಷ್ಟು ಉಳಿದಿದೆ ಎಂದು ನೋಡಿ ನೌಕೆ ಹೊರಟ ಕಾಲವನ್ನು ಗುಣಿಸಬಹುದು. ತಟ್ಟೆ ನುಡಿಸುವ ಮುಳ್ಳನ್ನೂ ಜೊತೆಗೇ ಇಟ್ಟಿದ್ದಾರೆ. ನುಡಿಸುವ ರೀತಿಯನ್ನು ಮುಚ್ಚಳದ ಮೇಲೆ ಗೀಟುಗಳಲ್ಲಿ ಕೊರೆದಿದ್ದಾರೆ. ಭೂಮಿಯಲ್ಲಿ ಗ್ರಾಮಫೋನ್ ಕಾಣದ ಮಕ್ಕಳಿಗೆ ಆ ಗೀಟು ಅರ್ಥವಾಗುವುದೋ ಇಲ್ಲವೋ, ಅನ್ಯಲೋಕದವರಿಗೆ ಆಗಲೆಂದು ಹಾರೈಸಬೇಕು.

ಕನ್ನಡದ ಮಟ್ಟಿಗೆ ಯೋಚಿಸಿದರೆ ಇನ್ನೊಂದು ಮಾತಿದೆ. ರನ್ನನ ಹಳಗನ್ನಡವನ್ನು ಅವನೂರಿನವರೇ ಇಂದು ಟಿಪ್ಪಣಿಯ ಸಹಾಯವಿಲ್ಲದೆ ಓದಲಾರರು. ಸಾವಿರ ವರ್ಷದಲ್ಲಿ ಇಷ್ಟು ಬದಲಾವಣೆ. ಹಲ್ಮಿಡಿ ಶಾಸನದಿಂದ ಲೆಕ್ಕ ಹಾಕಿದರೂ ಬರೆದ ಕನ್ನಡದ ವಯಸ್ಸು ಸುಮಾರು 1,600 ವರ್ಷ. ನೌಕೆ ಮೊದಲ ನಕ್ಷತ್ರವನ್ನು ಹಾಯುವಾಗ ಅದರ ಇಪ್ಪತ್ತೈದು ಪಟ್ಟು ಕಾಲ ಕಳೆದಿರುತ್ತದೆ. ಆಗ ಭೂಮಿಯಲ್ಲಿ ಕನ್ನಡ ಆಡುವವರಿದ್ದರೆ ಅವರಿಗೂ ಉಪಾಧ್ಯಾಯರ ಕನ್ನಡ, ನಮಗೆ ಸುಮೇರಿಯನ್ ಹೇಗೋ ಹಾಗೆ ಕೇಳಿಸೀತು. ಆ ತಟ್ಟೆಯಲ್ಲಿರುವ 1977ರ ಕನ್ನಡ ಮಾತ್ರ ಒಂದಕ್ಷರವೂ ಬದಲಾಗದೆ ಹಾಗೆಯೇ ಇರುತ್ತದೆ.

ಉಳಿದ ಮೂವರು

ವಾಯೇಜರುಗಳಿಗಿಂತ ಮೊದಲೇ ಈ ದಾರಿ ಹಿಡಿದವು ಪಯೊನೀರ್-10 ಮತ್ತು 11. 1972ರ ಮಾರ್ಚಿನಲ್ಲಿ ಹೊರಟ ಪಯೊನೀರ್-10 ಗುರುಗ್ರಹವನ್ನು ಹಾದ ಮೊದಲ ನೌಕೆ. ಅದರ ಕಡೆಯ ಕ್ಷೀಣ ಧ್ವನಿ ಕೇಳಿಸಿದ್ದು 2003ರ ಜನವರಿ 23ರಂದು. ಪಯೊನೀರ್-11 ಅದಕ್ಕೂ ಮೊದಲು, 1995ರಲ್ಲೇ ಸುಮ್ಮನಾಯಿತು. ಇವುಗಳಲ್ಲಿ ಮಾತಿಲ್ಲ, ಹಾಡಿಲ್ಲ. ಒಬ್ಬ ಗಂಡಸು, ಒಬ್ಬ ಹೆಂಗಸಿನ ಚಿತ್ರ ಕೊರೆದ ಫಲಕ ಮಾತ್ರ. ಪಯೊನೀರ್-10 ಹೊರಟಿರುವುದು ರೋಹಿಣಿ ನಕ್ಷತ್ರದ ದಿಕ್ಕಿಗೆ. ರೈತರು ರೋಹಿಣಿ ಮಳೆಗಾಗಿ ಕಾಯುತ್ತಾರಲ್ಲ, ಅದೇ ರೋಹಿಣಿ. ಆ ದೂರ ಕ್ರಮಿಸಲು ಇಪ್ಪತ್ತು ಲಕ್ಷ ವರ್ಷ ಬೇಕು.

ಇವುಗಳನ್ನು ತಳ್ಳಿದ ರಾಕೆಟ್ಟುಗಳ ಕೊನೆಯ ಹಂತದ ಖಾಲಿ ಡಬ್ಬಗಳೂ ಹಿಂದೆ ಮುಂದೆ ಸೌರವ್ಯೂಹ ಬಿಟ್ಟು ಹೋಗುತ್ತಿವೆ ಎಂಬುದನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಭಾರತದ ಯಾವ ನೌಕೆಯೂ ಈ ದಾರಿಯಲ್ಲಿಲ್ಲ. ಚಂದ್ರಯಾನ, ಮಂಗಳಯಾನ, ಆದಿತ್ಯ ಎಲ್ಲವೂ ಸೂರ್ಯನ ಅಂಗಳದವೇ.

ಐದನೆಯದು 2006ರ ಜನವರಿ 19ರಂದು ಹೊರಟ ನ್ಯೂ ಹೊರೈಜನ್ಸ್. ಅದರ ವೇಗ ವಾಯೇಜರ್-1ಕ್ಕಿಂತ ಕಡಿಮೆಯಾದ್ದರಿಂದ ಎಂದೂ ಅದನ್ನು ಹಿಂದೆ ಹಾಕಲಾರದು. ಅದರಲ್ಲಿ ಚಿನ್ನದ ತಟ್ಟೆಯಿಲ್ಲ, ಯಾವ ಭಾಷೆಯ ಶುಭಾಶಯವೂ ಇಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಹೆಸರು ಬರೆದ ಒಂದು ಸಿ.ಡಿ. ಇದೆ. ಜೊತೆಗೆ ಒಂದು ಪುಟ್ಟ ಕರಂಡಕ. ನಮ್ಮಲ್ಲಿ ಸತ್ತವರ ಅಸ್ಥಿಯನ್ನು ನದಿಗಳು ಕೂಡುವಲ್ಲಿ, ಬೀಳಗಿ ಸೀಮೆಯಲ್ಲಿ ಘಟಪ್ರಭೆ ಕೃಷ್ಣೆಯನ್ನು ಸೇರುವ ಚಿಕ್ಕಸಂಗಮದಂಥ ಕಡೆ, ಬಿಡುವ ಪದ್ಧತಿಯುಂಟು. ಆ ಕರಂಡಕದಲ್ಲಿರುವುದು 1930ರಲ್ಲಿ ಪ್ಲೂಟೊವನ್ನು ಕಂಡುಹಿಡಿದ ಕ್ಲೈಡ್ ಟಾಮ್‌ಬಾ ಅವರ ಚಿತಾಭಸ್ಮದ ಒಂದಿಷ್ಟು ಪಾಲು. ಟಾಮ್‌ಬಾ ತೀರಿಕೊಂಡದ್ದು 1997ರಲ್ಲಿ. 2015ರ ಜುಲೈ 14ರಂದು ಆ ಭಸ್ಮ, ಅವರು ಬದುಕಿದ್ದಾಗ ಚುಕ್ಕೆಯಾಗಿ ಮಾತ್ರ ಕಂಡಿದ್ದ ಪ್ಲೂಟೊವನ್ನು 12,500 ಕಿ.ಮೀ. ಅಂತರದಲ್ಲಿ ಹಾದು ಮುಂದೆ ಹೋಯಿತು.